ಮರು: ಹಾಂಗ್‌ಕಾಂಗ್ ಕಾದವರಲ್ಲಿ ಭಾರತೀಯರು ಎಲ್ಲಿದ್ದರು?

"1941ರಲ್ಲಿ ಹಾಂಗ್‌ಕಾಂಗ್ ದ್ವೀಪಕ್ಕಾಗಿ ಹೋರಾಡಿದ್ದು ಬ್ರಿಟಿಷರು ಮತ್ತು ಕೆನಡಾದವರು ಮಾತ್ರವೇ?" ಅಂತ ಕೇಳಿದ್ದೀರಿ. ಅಲ್ಲ ಸರ್. ಅಲ್ಲಿದ್ದ ಆರು ಕಾಲಾಳು ಬೆಟಾಲಿಯನ್‌ಗಳಲ್ಲಿ ಎರಡು ಭಾರತದವು: 5/7 ರಜಪೂತ್ (ಅಂದರೆ 7ನೇ ರಜಪೂತ್ ರೆಜಿಮೆಂಟಿನ 5ನೇ ಬೆಟಾಲಿಯನ್) ಮತ್ತು 2/14 ಪಂಜಾಬ್. ಉಳಿದವು ಬ್ರಿಟಿಷರ ರಾಯಲ್ ಸ್ಕಾಟ್ಸ್, ಮಿಡ್ಲ್‌ಸೆಕ್ಸ್, ಮತ್ತೆ ಕೆನಡಾದ ಎರಡು. ಜೊತೆಗೆ ಸ್ಥಳೀಯ ಸ್ವಯಂಸೇವಕರ ದಳ. ಫಿರಂಗಿ ದಳದಲ್ಲೂ ಭಾರತೀಯರು ಬಹಳ ಮಂದಿ ಇದ್ದರು, ಇದನ್ನು ಯಾರೂ ಹೇಳುವುದೇ ಇಲ್ಲ.

ಡಿಸೆಂಬರ್ 8ಕ್ಕೆ ಜಪಾನಿಯರು ನುಗ್ಗಿದರು. ಮುಖ್ಯಭೂಮಿಯ ರಕ್ಷಣಾ ರೇಖೆಯಲ್ಲಿ ಆಯಕಟ್ಟಿನ ಶಿಂಗ್ ಮುನ್ ಕೋಟೆ ಮರುರಾತ್ರಿಯೇ ಕೈತಪ್ಪಿತು. ಉಳಿದವರು ಕಡಲು ದಾಟಿ ದ್ವೀಪಕ್ಕೆ ಹೋಗುವಾಗ ಮುಖ್ಯಭೂಮಿಯ ಡೆವಿಲ್ಸ್ ಪೀಕ್ ಗುಡ್ಡದಲ್ಲಿ ಬೆನ್ನು ಕಾದು ನಿಂತು ಕೊನೆಗೆ ಹೊರಟವರು ರಜಪೂತರು.

ಅವರ ಗ್ರಹಚಾರ ನೋಡಿ. ದ್ವೀಪದಲ್ಲಿ ಅವರಿಗೆ ಕೊಟ್ಟಿದ್ದು ಈಶಾನ್ಯದ ಕಡಲಂಚು. 18ರ ರಾತ್ರಿ ಶತ್ರು ದೋಣಿಗಳು ಬಂದದ್ದೂ ನೇರ ಅಲ್ಲಿಗೇ, ನಾರ್ತ್ ಪಾಯಿಂಟ್ ಸುತ್ತಮುತ್ತ. ತೆಳ್ಳಗೆ ಹರಡಿದ್ದ ಒಂದು ಬೆಟಾಲಿಯನ್ ಮೇಲೆ ಹಲವು ಬೆಟಾಲಿಯನ್‌ಗಳು ಬಿದ್ದರೆ ಏನಾಗಬೇಕೋ ಅದೇ ಆಯಿತು. ಮರುದಿನ ವಾಂಗ್ ನೈ ಚಾಂಗ್ ಕಣಿವೆಯಲ್ಲಿ ಕೆನಡಾದ ಬ್ರಿಗೇಡಿಯರ್ ಲಾಸನ್ ಸತ್ತರು. ಕ್ರಿಸ್‌ಮಸ್ ದಿನ ಶರಣಾಗತಿ.

ಇನ್ನೂ ಓದಬೇಕೆಂದರೆ ರಜಪೂತ್ ಪಡೆಯ ಕ್ಯಾಪ್ಟನ್ ಮತೀನ್ ಅನ್ಸಾರಿ ಬಗ್ಗೆ ಹುಡುಕಿ. ಸೆರೆಯಲ್ಲಿ ಎಷ್ಟು ಹಿಂಸಿಸಿದರೂ ಬಾಗಲಿಲ್ಲ. 1943ರ ಅಕ್ಟೋಬರ್‌ನಲ್ಲಿ ಕೊಂದರು. ಮರಣೋತ್ತರವಾಗಿ ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಸಿಕ್ಕಿತು. ಸಮಾಧಿ ಸ್ಟಾನ್ಲಿ ಸೇನಾ ಸ್ಮಶಾನದಲ್ಲಿದೆ.