ಸ್ವಯಂಸೇವಕರು ನಡೆಸುವ ಕ್ಲೈಂಬಿಂಗ್ ಹಾಲ್‌ಗೆ ಹೊಸಬರು ಒಬ್ಬರೇ ಹೋಗಬಹುದೇ?

ಧಾರಾಳವಾಗಿ ಹೋಗಿ. ಕಡಲತೀರದ ಸಣ್ಣ ಊರು, ಅಲ್ಲಿ ಸ್ವಯಂಸೇವಕರೇ ನಡೆಸುವ, ಗೋಡೆ ಹತ್ತುವ ಹಾಲ್, ನಿಮಗೆ ಅನುಭವವೂ ಇಲ್ಲ, ಜೊತೆಗೆ ಯಾರೂ ಇಲ್ಲ ಅಂತ ಬರೆದಿದ್ದೀರಿ. ನಾನೂ ಅಂಥದ್ದೊಂದು ಹಾಲ್‌ಗೆ ಒಬ್ಬಳೇ ಹೋದವಳು.

ಮೊದಲು ಮೆಸೇಜ್ ಹಾಕಿ, ಉತ್ತರ ಬಂದ ಮೇಲೆ ಹೊರಡಿ. ಅಲ್ಲಿ ಬಾಗಿಲು ತೆಗೆಯುವವರಿಗೆ ಸಂಬಳವಿಲ್ಲ. ಹಗಲೆಲ್ಲ ತಮ್ಮ ಕೆಲಸ ಮುಗಿಸಿ ಸಂಜೆ ಬೀಗದಕೈ ಹಿಡಿದು ಬರುತ್ತಾರೆ. ಮನೆಯಲ್ಲಿ ಮಗುವಿಗೆ ಜ್ವರ ಅಂದರೆ ಅವತ್ತು ಹಾಲ್ ತೆರೆಯುವುದಿಲ್ಲ. ನಾನು ಮೊದಲ ಸಲ ವೇಳಾಪಟ್ಟಿ ನಂಬಿ ಹೋಗಿ, ಮುಚ್ಚಿದ ಬಾಗಿಲ ಮುಂದೆ ಅರ್ಧ ಗಂಟೆ ಕಾದು ವಾಪಸ್ ಬಂದೆ.

ಒಬ್ಬರೇ ಇದ್ದರೆ ಬೌಲ್ಡರಿಂಗ್‌ನಿಂದ ಶುರು ಮಾಡಿ. ಹಗ್ಗ ಬೇಡ, ಗೋಡೆ ಸಾಮಾನ್ಯವಾಗಿ 4ರಿಂದ 4.5 ಮೀಟರ್, ಕೆಳಗೆ ದಪ್ಪ ಮ್ಯಾಟ್. ಮ್ಯಾಟ್ ಇದೆಯಲ್ಲ ಅಂತ ತುದಿಯಿಂದ ಜಿಗಿಯಬೇಡಿ, ಆದಷ್ಟು ಹಿಡಿದುಕೊಂಡೇ ಇಳಿಯಿರಿ. ಬಿದ್ದರೆ ಎರಡೂ ಪಾದ ಊರಿ, ಮಂಡಿ ಮಡಚಿ ಹಿಂದಕ್ಕೆ ಉರುಳಿ. ಕೈ ಹಿಂದೆ ಊರಿದರೆ ಮಣಿಕಟ್ಟಿಗೆ ಪೆಟ್ಟಾಗಬಹುದು. ಉಂಗುರ ಮನೆಯಲ್ಲೇ ಬಿಟ್ಟುಬನ್ನಿ. ಹೋಲ್ಡ್‌ಗೆ, ಅಂದರೆ ಹತ್ತುವಾಗ ಹಿಡಿಯಲು ಗೋಡೆಗೆ ಕೂರಿಸಿದ ಹಿಡಿಕೆಗೆ, ಸಿಕ್ಕಿಕೊಂಡರೆ ಬೆರಳೇ ಹೋಗಬಹುದು.

ಹಗ್ಗದ ಗೋಡೆಗೆ ಮಾತ್ರ ಕೆಳಗೆ ಹಗ್ಗ ಹಿಡಿಯುವ ಬಿಲೇಯರ್ ಬೇಕು. ಕೇಳಿದರೆ ಯಾರಾದರೂ ನಿಲ್ಲುತ್ತಾರೆ, ಸಂಕೋಚ ಬೇಡ. ನನಗೆ ಬಿಲೇ ಮಾಡಿದವರು ಅರವತ್ತು ದಾಟಿದ ಮಹಿಳೆ. ನನ್ನ ಹಾರ್ನೆಸ್‌ಗೆ, ಅಂದರೆ ಸೊಂಟಕ್ಕೆ ಕಟ್ಟುವ ಪಟ್ಟಿಗೆ, ಹಗ್ಗದಿಂದ ಎಂಟರ ಆಕಾರದ ಫಿಗರ್ ಎಂಟರ ಗಂಟು ಹಾಕಿಸಿ, ಅಕ್ಕಪಕ್ಕದ ಎಳೆಗಳನ್ನು ತೋರುಬೆರಳಿನಿಂದ ಜೋಡಿ ಜೋಡಿಯಾಗಿ ಮುಟ್ಟುತ್ತಾ ಹೋದರು. ಆಮೇಲೆ ತಮ್ಮ ಕ್ಯಾರಾಬಿನರ್ (ಲೋಹದ ಕೊಂಡಿ) ಅನ್ನು ಹಿಸುಕಿ, ಲಾಕ್ ಬಿದ್ದಿದೆಯಾ ಅಂತ ನನಗೂ ಹಿಸುಕಿ ನೋಡಲು ಹೇಳಿದರು. ಹೊಸಬಳು ನಾನು, ಅವರನ್ನು ಏನು ಪರೀಕ್ಷಿಸಲಿ ಅನ್ನಿಸಿತ್ತು. ಆದರೆ ಪ್ರತಿ ಸಲ ಹತ್ತುವ ಮುಂಚೆ ಇಬ್ಬರೂ ಪರಸ್ಪರ ನೋಡಲೇಬೇಕು. ನೀವೂ ನಾಚದೆ ನೋಡಿ.

ಕಡಲ ಗಾಳಿಯ ತೇವದಿಂದ ಅಂಗೈ ಬೇಗ ಜಾರುತ್ತದೆ. ಮೆಗ್ನೀಸಿಯಂ ಕಾರ್ಬೊನೇಟಿನ ಪುಡಿ, ಅಂದರೆ ಚಾಕ್, ತೆಳುವಾಗಿ ಹಚ್ಚಿ. ಮೆತ್ತಿಕೊಂಡ ಹಳೇ ಚಾಕನ್ನು ಹೋಲ್ಡ್‌ನಿಂದ ಬ್ರಷ್ ಹೊಡೆದು ತೆಗೆಯಿರಿ. ಹೋಲ್ಡ್ ಕೈಯಲ್ಲಿ ತಿರುಗಿದರೆ ಇಳಿದು ಹೇಳಿ, ಬೋಲ್ಟ್ ತಿರುಗಿಸುವ ಆಲನ್ ಕೀ ತಂದು ಬಿಗಿ ಮಾಡುತ್ತಾರೆ.

ಪ್ಲೈವುಡ್ ಹಲಗೆ, ಕೈಯಲ್ಲಿ ಬರೆದ ಫಲಕ ನೋಡಿ ಹಾಲ್ ಅನ್ನು ಕಡಿಮೆ ಅಂದುಕೊಳ್ಳಬೇಡಿ. 1964ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಕಾರಿಡಾರ್‌ನಲ್ಲಿ ದೈಹಿಕ ಶಿಕ್ಷಣದ ಅಧ್ಯಾಪಕ ಡಾನ್ ರಾಬಿನ್ಸನ್ ಇಟ್ಟಿಗೆ ಗೋಡೆಗೆ ಕಲ್ಲು ಕೂರಿಸಿ ಹತ್ತುವ ಗೋಡೆ ಮಾಡಿದ್ದರು. ಒಳಾಂಗಣ ಕ್ಲೈಂಬಿಂಗ್‌ನ ಆರಂಭದ ಗೋಡೆಗಳಲ್ಲಿ ಅದೂ ಒಂದು.

ಮುಚ್ಚುವ ಹೊತ್ತಿಗೆ ಓಡಿಹೋಗಬೇಡಿ. ನಾನು ಅವತ್ತು ಮ್ಯಾಟ್ ಮೇಲಿನ ಚಾಕ್ ಪುಡಿ ಗುಡಿಸಿ ಕೊಟ್ಟೆ. ಮುಂದಿನ ವಾರ ಬಾಗಿಲು ತೆಗೆಯುವ ದಿನವನ್ನು ಹಾಲ್‌ನವರೇ ಮೆಸೇಜ್ ಮಾಡಿ ತಿಳಿಸಿದರು.