ಕಾರ್ಟೂನ್ ಮಕ್ಕಳದ್ದು, ಮಾತು ಯಾರದ್ದು?

ಪ್ರಶ್ನೆ: ಏಳು ವರ್ಷದ ಮಗ ಕಾರ್ಟೂನ್ ರಿಯಾಕ್ಷನ್ ವಿಡಿಯೋ ಬಿಟ್ಟು ಏಳುವುದಿಲ್ಲ. ಕಾರ್ಟೂನ್ ತಾನೇ ಅಂತ ಸುಮ್ಮನಿರಬಹುದೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಬೇಡ. ಕಾರ್ಟೂನ್ ಮಕ್ಕಳದ್ದೇ ಇರಬಹುದು. ರಿಯಾಕ್ಷನ್ ವಿಡಿಯೋದಲ್ಲಿ ಅದನ್ನು ನೋಡುತ್ತಾ ಹರಟುವವರು ಎಷ್ಟೋ ಸಲ ದೊಡ್ಡವರಿಗಾಗಿ ಮಾತಾಡುತ್ತಿರುತ್ತಾರೆ. ಪರದೆಯಿಂದ ಕಣ್ಣು ತೆಗೆದು ಹತ್ತು ನಿಮಿಷ ಬರೀ ಕೇಳಿ. ಬೈಗುಳ, ದ್ವಂದ್ವಾರ್ಥ, ಮೈಬಣ್ಣದ ಗೇಲಿ ಕಿವಿಗೇ ಬೇಗ ಸಿಗುತ್ತವೆ. ಶುರುವಿನ ಭಾಗ ಸಾಲದು. ನಡುವೆ, ಕೊನೆಯಲ್ಲೂ ಕೇಳಿ. ಮನೆಯಲ್ಲಿ ಕನ್ನಡ, ಕಟ್ಟಡದ ಕೆಳಗೆ ಹಿಂದಿ-ಮರಾಠಿ ಆಡುವ ಹುಡುಗನಿಗೆ ಹಿಂದಿ ಬೈಗುಳ ನಿಮಗಿಂತ ಮೊದಲೇ ಅರ್ಥವಾಗಿರುತ್ತದೆ.

ಯೂಟ್ಯೂಬಿನಲ್ಲಿ ವಿಡಿಯೋ ಕೆಳಗೆ ಕಾಮೆಂಟ್ ತೆರೆದಿದ್ದರೆ ಅದು ಮಕ್ಕಳದ್ದೆಂದು ಗುರುತಾಗಿಲ್ಲ ಎಂದೇ ತಿಳಿಯಿರಿ. ಮಕ್ಕಳಿಗೆಂದೇ ಇರುವ ಯೂಟ್ಯೂಬ್ ಕಿಡ್ಸ್ ಆ್ಯಪ್‌ನಲ್ಲಿ 5–8 ವಯಸ್ಸಿನ ವಿಭಾಗಕ್ಕಿಂತ, ನೀವು ಒಪ್ಪಿದ್ದಷ್ಟೇ ಕಾಣುವ ಸೆಟ್ಟಿಂಗ್ ಭದ್ರ. ಅದರಲ್ಲಿ ಹುಡುಕಾಟವೂ ಬಂದ್.