ಸಾಯುವ ಭಯ ಇರುವವರು ಸೇನೆಗೆ ಸೇರಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ವಯಸ್ಸು ಹತ್ತೊಂಬತ್ತು. ಊರು ಹೊಸನಗರದ ಕಡೆ. ಪಿಯುಸಿ ಮುಗಿದಿದೆ, ಅಗ್ನಿವೀರರ ನೇಮಕಾತಿಗೆ ಅರ್ಜಿ ಹಾಕುವ ಆಸೆ ಇದೆ. ಆದರೆ ರಾತ್ರಿ ಮಲಗಿದರೆ ಸತ್ತುಹೋದರೆ ಏನು ಗತಿ ಅನ್ನುವ ಯೋಚನೆ. ಮನೆಗೆ ಒಬ್ಬನೇ ಮಗ. ಭಯ ಇರುವವನು ಅತ್ತ ತಲೆಹಾಕಲೇಬಾರದು ಅಂತ ಗೆಳೆಯರು ನಗುತ್ತಾರೆ. ಹೋಗಬೇಕಾ, ಬೇಡವಾ?

ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಸೇನೆಯ ಎ.ಎಸ್.ಸಿ.ಯಲ್ಲಿ, ಅಂದರೆ ಸರಬರಾಜು ವಿಭಾಗದಲ್ಲಿ, ಡ್ರೈವರ್ ಆಗಿದ್ದೆ. ಪಿಂಚಣಿ ಸಿಗುವಷ್ಟು ಸರ್ವಿಸ್ ಮುಗಿಸಿ ಬಂದು ಈಗ ತೋಟ ನೋಡಿಕೊಂಡಿದ್ದೇನೆ. ಬಂದೂಕು ಹಿಡಿದು ಶಿಖರ ಹತ್ತಿದವನಲ್ಲ, ಹತ್ತಿದವರಿಗೆ ಸೀಮೆಎಣ್ಣೆ, ಅಕ್ಕಿ, ಬೇಳೆ ಹೊತ್ತು ಹಾಕಿದವನು. ಹಾಗಾಗಿ ನನ್ನಿಂದ ದೊಡ್ಡ ವೀರಾವೇಶದ ಮಾತು ಬರುವುದಿಲ್ಲ.

ಭಯ ಇಟ್ಟುಕೊಂಡೇ ಹೋಗಬಹುದು. 'ನನಗೇನೂ ಆಗಲ್ಲ' ಅಂತ ನಂಬಿಕೊಂಡು ಮಾತ್ರ ಹೋಗಬೇಡಿ. ನನ್ನ ಉತ್ತರ ಇದೇ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೊಡಗಿನಲ್ಲಿ ನಿಮ್ಮ ವಯಸ್ಸಿನ ಹುಡುಗನಿಗೆ ಈ ಪ್ರಶ್ನೆ ಕೇಳಲು ಪಕ್ಕದ ಮನೆಯಲ್ಲೇ ಒಬ್ಬ ಮಾಜಿ ಸೈನಿಕ ಸಿಗುತ್ತಾನೆ. ಬೆಳಗಾವಿ ಕಡೆಯೂ ಹಾಗೇ. ನಮ್ಮ ಮಲೆನಾಡಿನಲ್ಲಿ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ, ಸೇನೆಗೆ ಹೋಗುವವರು ಊರಿಗೆ ಒಬ್ಬರೋ ಇಬ್ಬರೋ. ನಮಗೆ ಸೈನಿಕ ಕಾಣುವುದು ಹೆಚ್ಚಾಗಿ ಟಿವಿಯಲ್ಲಿ, ಅದೂ ಬಾವುಟ ಹೊದ್ದ ಪೆಟ್ಟಿಗೆಯಲ್ಲಿ. ಸುರಕ್ಷಿತವಾಗಿ ವಾಪಸ್ ಬಂದು ಬ್ಯಾಂಕಿನ ಬಾಗಿಲಲ್ಲಿ ಕಾವಲು ನಿಂತವರನ್ನು, ತೋಟಕ್ಕೆ ಔಷಧಿ ಹೊಡೆಸಲು ಆಳು ಹುಡುಕುತ್ತಾ ಓಡಾಡುವ ನನ್ನಂಥವರನ್ನು ಯಾರೂ ಸುದ್ದಿ ಮಾಡುವುದಿಲ್ಲ. ನಿಮ್ಮ ಭಯದಲ್ಲಿ ಅರ್ಧದಷ್ಟು ಇಲ್ಲಿಂದಲೇ ಬಂದಿರಬಹುದು. ಉಳಿದರ್ಧ ನಿಜವಾದದ್ದೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅಲ್ಲಗಳೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. 'ಸಾವು ಎಲ್ಲಿದ್ದರೂ ಬರುತ್ತೆ ಮಾರಾಯ, ಅಡಿಕೆ ಕೊನೆ ತೆಗೆಯುವಾಗ ದೋಟಿ ಕರೆಂಟ್ ತಂತಿಗೆ ತಾಗಿ ಸತ್ತವರಿಲ್ವಾ' ಅನ್ನುತ್ತಾರೆ. ಪಹಲ್ಗಾಮ್‌ನಲ್ಲಿ 2025ರ ಏಪ್ರಿಲ್ 22ರಂದು ಉಗ್ರರ ದಾಳಿಯಲ್ಲಿ ಸತ್ತವರಲ್ಲಿ ನಮ್ಮ ಶಿವಮೊಗ್ಗದವರೂ ಒಬ್ಬರಿದ್ದರು, ಹೆಂಡತಿ ಮಗನ ಜೊತೆ ಪ್ರವಾಸ ಹೋದವರು, ಅದನ್ನೂ ಎತ್ತಿ ಹೇಳುತ್ತಾರೆ. ಮಾತು ಸುಳ್ಳಲ್ಲ. ಆದರೆ ನಿಮ್ಮ ಪ್ರಶ್ನೆಗೆ ಅದು ಉತ್ತರ ಅಲ್ಲ. ಪ್ರವಾಸ ಹೋದವರು ಸಾವಿಗೆ ಸಹಿ ಹಾಕಿ ಹೋಗಿರಲಿಲ್ಲ. ಸೈನಿಕ ಹಾಕಿರುತ್ತಾನೆ. ತರಬೇತಿ ಮುಗಿದ ಮೇಲೆ ಕಸಂ ಪರೇಡ್ ಅಂತ ಒಂದು ದಿನ ಬರುತ್ತೆ. ನೆಲ, ಜಲ, ಆಕಾಶ ಯಾವ ದಾರಿಯಲ್ಲಿ ಕಳಿಸಿದರೂ ಹೋಗುತ್ತೇನೆ, ಪ್ರಾಣಕ್ಕೆ ಅಪಾಯ ಬಂದರೂ ಮೇಲಿನವರ ಆಜ್ಞೆ ಪಾಲಿಸುತ್ತೇನೆ ಅಂತ ಪ್ರಮಾಣ ಮಾಡಿಸುತ್ತಾರೆ. ಸಾಲಾಗಿ ನಿಂತು ಎಲ್ಲರೂ ಜೋರಾಗಿ ಹೇಳುತ್ತೇವೆ. ಆ ವಯಸ್ಸಿನಲ್ಲಿ ಗಮನವೆಲ್ಲ ಬೂಟಿನ ಹೊಳಪಿನ ಮೇಲೆ, ಊರಿಂದ ಅಪ್ಪ ಅಮ್ಮ ಬಂದಿದ್ದಾರಾ ಅನ್ನುವುದರ ಮೇಲೆ ಇರುತ್ತೆ. ನೀವು ಆ ಮಾತನ್ನು ಪರೇಡ್ ಮೈದಾನದಲ್ಲಿ ಅಲ್ಲ, ಈಗಲೇ ಮನೆಯಲ್ಲಿ ಕೂತು ನಿಧಾನವಾಗಿ ಹೇಳಿಕೊಂಡು ನೋಡಿ. ಗಂಟಲಲ್ಲಿ ಸಿಕ್ಕಿಕೊಂಡರೂ ಹೇಳಲು ಆಗುತ್ತಾ? ಹಾಗಾದರೆ ಭಯ ಅಡ್ಡಿಯಲ್ಲ.

ಗೆಳೆಯರು ನಕ್ಕದ್ದಕ್ಕೆ ಬರುತ್ತೇನೆ. ಅವರಿಗೆ ಸೇನೆ ಗೊತ್ತಿಲ್ಲ. ಸೇನೆಯಷ್ಟು ಲೆಕ್ಕ ಹಾಕಿ ಹೆದರುವ ಸಂಸ್ಥೆ ನಾನು ಬೇರೆ ನೋಡಿಲ್ಲ. ಲಡಾಖ್ ಕಡೆ ಪೋಸ್ಟಿಂಗ್ ಆದರೆ ಇಳಿದ ದಿನವೇ ಕೆಲಸಕ್ಕೆ ಹಚ್ಚುವುದಿಲ್ಲ. 9,000 ಅಡಿಯಿಂದ 12,000 ಅಡಿವರೆಗಿನ ಎತ್ತರಕ್ಕೆ ಆರು ದಿನ, 15,000ದವರೆಗೆ ಇನ್ನೂ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ ದೇಹವನ್ನು ಒಗ್ಗಿಸಬೇಕು ಅಂತ ನಿಯಮ. ಮೊದಲೆರಡು ದಿನ ಬರೀ ವಿಶ್ರಾಂತಿ. ಎರಡನೇ ದಿನವೇ 'ನನಗೇನೂ ಆಗಿಲ್ಲ ಸಾಹೇಬ್ರೇ' ಅಂತ ಭಾರ ಎತ್ತಿ ಓಡಾಡುವ ಗಟ್ಟಿಗನೇ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡು ಆಸ್ಪತ್ರೆ ಸೇರುತ್ತಾನೆ. ಹೆದರಿ ಸುಮ್ನೆ ಮಲಗಿದವನು ಒಗ್ಗಿಕೊಂಡು ಎತ್ತರದ ಜಾಗಕ್ಕೆ ಕೆಲಸಕ್ಕೆ ಹೋಗುತ್ತಾನೆ. ನಮ್ಮ ಕಡೆ ಮಂಗನ ಕಾಯಿಲೆಯ ಕಾಲದಲ್ಲಿ ದರಗು, ಅಂದರೆ ಒಣ ಎಲೆ, ತರಲು ಕಾಡಿಗೆ ಹೋಗುವವರು ಉಣುಗು ಕಚ್ಚದಿರಲಿ ಅಂತ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುತ್ತಾರಲ್ವಾ, ಹಾಗೆ. ಭಯ ಇರುವುದರಿಂದಲೇ ಎಣ್ಣೆ ಹಚ್ಚುವುದು, ಎಣ್ಣೆ ಹಚ್ಚಿದ್ದರಿಂದಲೇ ಕಾಡಿಗೆ ಹೋಗಲು ಧೈರ್ಯ. (ಅಂದ ಹಾಗೆ ಆ ಡೆಪಾ ಕಂಡುಹಿಡಿದದ್ದು ಡಿ.ಆರ್.ಡಿ.ಒ.ದವರು. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಕಾಯಿಲೆಗೆ ರಕ್ಷಣಾ ಇಲಾಖೆಯ ಎಣ್ಣೆ!)

ನನ್ನ ಭಯ ಜೋಜಿ ಲಾ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯ ಘಟ್ಟ ಅದು, ಸುಮಾರು 11,500 ಅಡಿ. ಆಗುಂಬೆ, ಹುಲಿಕಲ್ ಎರಡೂ ಓಡಿಸಿದವನು ಅನ್ನುವ ಜಂಬ ನನಗಿತ್ತು. ಅಲ್ಲಿ ರಸ್ತೆಯ ಒಂದು ಬದಿ ಹಿಮದ ಗೋಡೆ, ಇನ್ನೊಂದು ಬದಿ ಏನೂ ಇಲ್ಲ. ತಡೆಗೋಡೆಯೂ ಇಲ್ಲ. ಲೋಡ್ ತುಂಬಿದ ಸ್ಟಾಲಿಯನ್ ಲಾರಿ, ಚಕ್ರದ ಕೆಳಗೆ ಕರಗಿದ ಹಿಮದ ಕೆಸರು. ಕ್ಲಚ್ ಮೇಲಿದ್ದ ಎಡಗಾಲು ನನ್ನ ಮಾತು ಕೇಳದೆ ನಡುಗುತ್ತಿತ್ತು. ಪಕ್ಕದಲ್ಲಿದ್ದ ಉಸ್ತಾದ್, ಅಂದರೆ ಕೆಲಸ ಕಲಿಸುವ ಹಿರಿಯರು, 'ಕಣಿವೆ ನೋಡಬೇಡ, ಮುಂದಿನ ಗಾಡಿಯ ಹಿಂದಿನ ದೀಪ ನೋಡು' ಅಂದರು. ಅಷ್ಟೇ ಹೇಳಿ ಬೀಡಿ ಹಚ್ಚಿದರು. ಆಮೇಲೆ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿಬಂದೆ. ಭಯ ಪೂರ್ತಿ ಹೋಗಲೇ ಇಲ್ಲ. ಆದರೆ ಅದಕ್ಕೊಂದು ಕೆಲಸ ಸಿಕ್ಕಿತು: ಬ್ರೇಕ್ ನೋಡು, ಹಿಮದಲ್ಲಿ ಜಾರದಂತೆ ಚಕ್ರಕ್ಕೆ ಕಟ್ಟಿದ ಚೈನ್ ನೋಡು, ಅಂತರ ಕಾಯಿ. ತರಬೇತಿ ಮಾಡುವುದು ಇಷ್ಟನ್ನೇ.

ಸಾವು ಅಂದಾಗ ನಿಮ್ಮ ಕಣ್ಣಮುಂದೆ ಬರುವುದು ಗುಂಡು ಅಂತ ಕಾಣುತ್ತೆ. ಸಿಯಾಚಿನ್‌ನಲ್ಲಿ ಗುಂಡಿಗಿಂತ ಹವಾಮಾನವೇ ಜಾಸ್ತಿ ಜನರನ್ನು ಕೊಂದಿದೆ. 2016ರ ಫೆಬ್ರುವರಿ 3ರಂದು ಅಲ್ಲಿ ಹಿಮ ಕುಸಿದು ಹತ್ತು ಜನ ಸೈನಿಕರು ಹೂತುಹೋದರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿಯಲ್ಲಿ ಜೀವ ಹಿಡಿದುಕೊಂಡಿದ್ದು ಸಿಕ್ಕರು. ಇಡೀ ಕರ್ನಾಟಕ ಕಾದಿತ್ತು. 11ನೇ ತಾರೀಕು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಲ್ಲಿ ಶತ್ರು ಇರಲಿಲ್ಲ, ಗುಂಡು ಹಾರಿರಲಿಲ್ಲ. 'ಕ್ಲರ್ಕ್ ಅಥವಾ ಟ್ರೇಡ್ಸ್‌ಮನ್ (ಅಡುಗೆಯಂಥ ಕೆಲಸದವನು) ಆಗಿ ಸೇರಿದರೆ ಅಪಾಯ ಇಲ್ಲ ಅಲ್ವಾ' ಅಂತ ಸುಮಾರು ಹುಡುಗರು ನನ್ನನ್ನು ಕೇಳಿದ್ದಾರೆ. ಅಪಾಯ ಕಡಿಮೆ, ನಿಜ. ಇಲ್ಲವೇ ಇಲ್ಲ ಅಂತ ಅಲ್ಲ. ಅಡುಗೆಯವನೂ ಘಟಕದ ಜೊತೆ ಮೇಲಕ್ಕೆ ಹೋಗುತ್ತಾನೆ. ಪುಲ್ವಾಮಾದಲ್ಲಿ 2019ರ ಫೆಬ್ರುವರಿ 14ರಂದು ಬಾಂಬ್ ದಾಳಿಯಲ್ಲಿ ಸತ್ತ, ಅರೆಸೇನಾ ಪಡೆಯಾದ ಸಿ.ಆರ್.ಪಿ.ಎಫ್.ನ 40 ಜನ ಬಸ್ಸಿನಲ್ಲಿ ಪ್ರಯಾಣ ಮಾಡುತ್ತಿದ್ದರು. ಸುರಕ್ಷಿತ ಟ್ರೇಡ್ ಹುಡುಕಿ ಭಯದಿಂದ ತಪ್ಪಿಸಿಕೊಳ್ಳುವ ಲೆಕ್ಕ ಇಟ್ಟುಕೊಳ್ಳಬೇಡಿ.

ಈಗ ಮನೆಯ ವಿಷಯ. ನನ್ನ ಮಟ್ಟಿಗೆ ಇದು ನಿಮ್ಮ ಭಯಕ್ಕಿಂತ ದೊಡ್ಡದು. ಸತ್ತವನಿಗೆ ಸಾವಿನ ಕಷ್ಟ ಗೊತ್ತಾಗುವುದಿಲ್ಲ, ಉಳಿದವರಿಗೆ ಗೊತ್ತಾಗುತ್ತೆ. ನಾಲ್ಕು ವರ್ಷದ ಅಗ್ನಿವೀರ ಸೇವೆಯಲ್ಲಿ 48 ಲಕ್ಷದ ವಿಮೆ ಇದೆ, ಅದಕ್ಕೆ ನಿಮ್ಮಿಂದ ಕಂತು ಹಿಡಿಯುವುದಿಲ್ಲ. ಕರ್ತವ್ಯದ ಕಾರಣಕ್ಕೆ ಸಾವಾದರೆ ಅದರ ಮೇಲೆ 44 ಲಕ್ಷ ಪರಿಹಾರ, ಉಳಿದ ಅವಧಿಯ ಸಂಬಳ, ಸೇವಾನಿಧಿಯ (ತಿಂಗಳ ಸಂಬಳದಲ್ಲಿ ಹಿಡಿದು, ಸರ್ಕಾರವೂ ಸೇರಿಸಿ ಕೂಡಿಡುವ ನಿಧಿ) ಹಣ ಸಿಗುತ್ತೆ. ಆದರೆ ಕಾಯಂ ಸೈನಿಕನ ಮನೆಯವರಿಗೆ ಬರುವ ಕುಟುಂಬ ಪಿಂಚಣಿ ಇಲ್ಲ. ಬದುಕಿ ಬಂದರೆ? ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ ಕೈಗೆ 21,000. ನಾಲ್ಕನೇ ವರ್ಷ 40,000, ಕೈಗೆ 28,000. ಬಿಡುಗಡೆಯಾಗುವಾಗ ಆ ಸೇವಾನಿಧಿಯಿಂದ ಬಡ್ಡಿ ಸೇರಿ ಸುಮಾರು 11.71 ಲಕ್ಷ. ಕಾಯಂ ಆಗುವುದು 25 ಪರ್ಸೆಂಟ್‌ವರೆಗೆ ಮಾತ್ರ. ಎಲೆಚುಕ್ಕೆ ರೋಗದಿಂದ ತೋಟ ಹಾಳಾಗಿದೆ, ಅದಕ್ಕೇ ಸೇನೆ ಅಂತ ನೀವು ಹೊರಟಿದ್ದರೆ ಈ ಅಂಕಿಗಳನ್ನು ಅಪ್ಪನ ಮುಂದೆ ಇಟ್ಟು ಮಾತಾಡಿ. ಬರೀ ದುಡ್ಡಿಗೆ ಅಂತಾದರೆ ಈ ಲೆಕ್ಕಕ್ಕೆ ಜೀವ ಒತ್ತೆ ಇಡುವುದು ನನಗೆ ಸರಿ ಕಾಣುವುದಿಲ್ಲ. ಆ ಬದುಕೇ ಬೇಕು, ಸಮವಸ್ತ್ರ ಬೇಕು, ನಮ್ಮ ಘಟ್ಟ ದಾಟಿ ದೇಶ ನೋಡಬೇಕು ಅಂತಿದ್ದರೆ ಮಾತು ಬೇರೆ.

ಅಮ್ಮನಿಗೆ 'ಏನೂ ಆಗಲ್ಲಮ್ಮ' ಅಂತ ಹೇಳಬೇಡಿ. ಅವರು ನಂಬುವುದಿಲ್ಲ, ನಂಬಿದ ಹಾಗೆ ಮಾಡುತ್ತಾರೆ. ನನ್ನ ಅಮ್ಮನಿಗೆ ನಾನು ಇದ್ದದ್ದು ಇದ್ದ ಹಾಗೆ ಹೇಳಿದ್ದೆ. ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಅಡಿಗೆಮನೆಯಿಂದಲೇ 'ಅಲ್ಲಿ ಮೀನು ಸಿಗುತ್ತಾ?' ಅಂತ ಕೇಳಿದರು. ಒಬ್ಬನೇ ಮಗ ಅನ್ನುವುದು ಕಾನೂನಿನ ಅಡ್ಡಿಯಲ್ಲ. ಅಪ್ಪನಿಗೆ ಕೈಕಾಲು ಗಟ್ಟಿ ಇದೆಯಾ, ಸಾಲ ಎಷ್ಟಿದೆ, ಹತ್ತಿರದ ನೆಂಟರು ಯಾರು, ಇದನ್ನು ನೋಡಿ. ಅಗ್ನಿವೀರರಿಗೆ ವರ್ಷಕ್ಕೆ 30 ದಿನ ರಜೆ. ಕೊಯ್ಲಿಗೂ ಬರುತ್ತೇನೆ, ಅಕ್ಕನ ಮನೆ ಶುಭಕಾರ್ಯಕ್ಕೂ ಬರುತ್ತೇನೆ ಅಂತ ಮಾತು ಕೊಡಬೇಡಿ.

ಸೇರಿದ ಮೇಲೆ ಬೇಡ ಅನ್ನಿಸಿದರೆ ಬಿಟ್ಟು ಬರಬಹುದು ಅಂದುಕೊಂಡಿದ್ದರೆ, ಸ್ವಂತ ಇಚ್ಛೆಯಿಂದ ಮಧ್ಯೆ ಬಿಡಲು ಅಗ್ನಿವೀರರಿಗೆ ಅವಕಾಶ ಇಲ್ಲ. ತೀರಾ ವಿಶೇಷ ಸಂದರ್ಭದಲ್ಲಿ ಮೇಲಿನವರು ಒಪ್ಪಿದರೆ ಮಾತ್ರ. ಅದಕ್ಕೇ ಈಗ ಎಷ್ಟು ಬೇಕಾದರೂ ಹೆದರಿ, ಯೋಚನೆ ಮಾಡಿ. ನಿಮಗೆ ಹತ್ತೊಂಬತ್ತು, ಈ ಸಲವೇ ಆಗಬೇಕು ಅಂತೇನಿಲ್ಲ. ಅಷ್ಟರೊಳಗೆ ಆನ್‌ಲೈನ್ ಪರೀಕ್ಷೆಗೆ ಓದಿ, ಮೊದಲ ಸುತ್ತು ಅದೇ. ನಮ್ಮ ಹುಡುಗರು ಓಟದಲ್ಲಿ ಗೆದ್ದರೂ ಅಲ್ಲಿ ಸೋಲುತ್ತಾರೆ. ಓಟ 1.6 ಕಿಲೋಮೀಟರ್, ಪೂರ್ತಿ ಅಂಕ ಬೇಕಾದರೆ ಐದೂವರೆ ನಿಮಿಷದೊಳಗೆ ಮುಗಿಸಬೇಕು. ಮಳೆಗಾಲದಲ್ಲಿ ಗದ್ದೆ ಅಂಚಿನ ಮೇಲೆ ಓಡಿ ಕಾಲು ಉಳುಕಿಸಿಕೊಳ್ಳಬೇಡಿ, ಡಾಂಬರು ರಸ್ತೆಯಲ್ಲೇ ಓಡಿ. ಶಿವಮೊಗ್ಗ ಜಿಲ್ಲೆ ಮಂಗಳೂರಿನ ಸೇನಾ ನೇಮಕಾತಿ ಕಚೇರಿಗೆ ಸೇರುತ್ತೆ. ದುಡ್ಡು ಕೊಟ್ಟರೆ ಸೀಟು ಮಾಡಿಸಿಕೊಡುತ್ತೇನೆ ಅನ್ನುವವನು ಯಾರಾದರೂ ಮನೆಗೆ ಬಂದರೆ ಕಾಫಿ ಕೂಡ ಕೊಡಬೇಡಿ.